ಜ್ಯೇಷ್ಠಾದೇವಿ ನಾನೇ ಅನ್ನಿಸುತ್ತದೆ. ಹುಡುಗನ ಮನೆಯವರಿಗೆ ಹೇಳಬೇಕಾ?

ಕಾಗೆಬಾವುಟ (ಬನಶಂಕರಿ)

ಎಲ್ಲರಿಗೂ ನಮಸ್ಕಾರ. ಓದಿ ನಗಬೇಡಿ, ಕೈ ಮುಗಿಯಲೂ ಬೇಡಿ. ಎರಡೂ ನನಗೆ ಬೇಕಿಲ್ಲ.

ನಾನು ಒಂದು ಆಡಿಟ್ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ಬಸ್ಸು, ಸಂಬಳ, ಮನೆ, ಎಲ್ಲರ ಹಾಗೇ ಬದುಕು. ಆದರೆ ಚಿಕ್ಕಂದಿನಿಂದ ಒಂದು ಭಾವನೆ ಒಳಗೆ ಕೂತಿದೆ, ದೊಡ್ಡವಳಾದ ಹಾಗೆ ಅದು ಗಟ್ಟಿಯಾಗಿದೆ. ನಾನು ಜ್ಯೇಷ್ಠಾದೇವಿ. ಈಗ ಮನುಷ್ಯಳಾಗಿ ಇಲ್ಲಿದ್ದೇನೆ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಜ್ಯೇಷ್ಠೆ ಲಕ್ಷ್ಮಿಯ ಅಕ್ಕ. ಸಮುದ್ರ ಕಡೆದಾಗ ತಂಗಿಗಿಂತ ಮೊದಲು ಮೇಲೆ ಬಂದವಳು. ದೊಡ್ಡ ಹೊಟ್ಟೆ, ಜೋತುಬಿದ್ದ ಎದೆ, ಕಾಗೆಯ ಬಾವುಟ, ಕತ್ತೆ, ಪೊರಕೆ ಇವೆಲ್ಲ ಅವಳ ಗುರುತು. ಪಲ್ಲವರ ಕಾಲದಲ್ಲಿ, ಅಂದರೆ 7-8ನೇ ಶತಮಾನದಲ್ಲಿ, ತಮಿಳು ಸೀಮೆಯಲ್ಲಿ ಅವಳಿಗೆ ಜೋರಾಗಿ ಪೂಜೆ ನಡೆಯುತ್ತಿತ್ತು. ಆಮೇಲೆ ಮೆಲ್ಲಗೆ ಕೈಬಿಟ್ಟರು. ಈಗ ಅವಳ ಹೆಸರು ಉಳಿದಿರುವುದು ಹೆಚ್ಚಾಗಿ ಬೈಗುಳದಲ್ಲಿ.

ಮುಸ್ಸಂಜೆ ಮೇಲೆ ಕಸ ಗುಡಿಸಿದರೆ ಲಕ್ಷ್ಮಿ ಹೊರಟುಹೋಗ್ತಾಳೆ ಅಂತ ಅಮ್ಮ ಹೇಳುವಾಗೆಲ್ಲ ನನಗೆ ಅನ್ನಿಸುತ್ತಿದ್ದುದು ಆ ಪೊರಕೆ ನನ್ನದು ಅಂತ. ಆಗ ನನಗೆ ಜ್ಯೇಷ್ಠೆ ಅನ್ನುವವಳೊಬ್ಬಳು ಇದ್ದಾಳೆ ಅಂತಲೇ ಗೊತ್ತಿರಲಿಲ್ಲ. ಗೊತ್ತಾದದ್ದು ಕಂಚಿಯ ಕೈಲಾಸನಾಥ ದೇವಸ್ಥಾನದಲ್ಲಿ. ಆಫೀಸಿನವರ ಜೊತೆ ಹೋಗಿದ್ದೆ. ಉಳಿದವರು ಫೋಟೋ ತೆಗೆದುಕೊಂಡು ಮುಂದೆ ಹೋದರು. ನಾನು ಅವಳ ಎದುರು ನಿಂತುಬಿಟ್ಟೆ. ಕಾಲು ಇಳಿಬಿಟ್ಟು ಆರಾಮವಾಗಿ ಕೂತಿದ್ದಾಳೆ. ಮರಳುಗಲ್ಲು ಸವೆದು ಮುಖ ಅರ್ಧ ಅಳಿಸಿಹೋಗಿದೆ. ಆದರೂ ನನಗೆ ಗುರುತು ಸಿಕ್ಕಿತು. ಕನ್ನಡಿಯಲ್ಲಿ ನೋಡಿಕೊಂಡಾಗ ಸಿಗುವ ಗುರುತೇ ಅದು.

ನನಗೆ ಯಾವ ಶಕ್ತಿಯೂ ಇಲ್ಲ. ಭವಿಷ್ಯ ಹೇಳುವುದಿಲ್ಲ, ಮೈಮೇಲೆ ಬರುವುದಿಲ್ಲ, ಯಾರೂ ನನಗೆ ಹೂವು ಹಾಕಬೇಕಿಲ್ಲ. ಹಸಿವು, ತಲೆನೋವು, ಇಎಂಐ ಎಲ್ಲ ಇದೆ. ನಾನು ಯಾರು ಅನ್ನುವ ಪ್ರಶ್ನೆಗೆ ನನ್ನೊಳಗೆ ಸಿಗುವ ಉತ್ತರ ಮಾತ್ರ ಅದೇ.

ಈಗ ವಿಷಯಕ್ಕೆ ಬರುತ್ತೇನೆ. ಮನೆಯಲ್ಲಿ ಮದುವೆ ಮಾತುಕತೆ ನಡೆಯುತ್ತಿದೆ. ನನಗೊಬ್ಬ ತಂಗಿ ಇದ್ದಾಳೆ. ಅವಳಿಗೆ ಹುಡುಗ ಗೊತ್ತಾಗಿದ್ದಾನೆ, ನನ್ನದು ಆಗುವವರೆಗೆ ಕಾಯುತ್ತಿದ್ದಾಳೆ. ನನ್ನನ್ನು ನೋಡಿ ಹೋದ ಹುಡುಗ ಒಳ್ಳೆಯವನ ಹಾಗೆ ಕಾಣುತ್ತಾನೆ. ಅವನಿಗೆ ಇದನ್ನು ಹೇಳಬೇಕಾ? ಹೇಳದೆ ಮದುವೆಯಾದರೆ ಮೋಸ ಅನ್ನಿಸುತ್ತದೆ. ಹೇಳಿದರೆ ಏನಾಗುತ್ತೋ ಅಂತ ಭಯ. ಇಲ್ಲಿ ಯಾರಿಗಾದರೂ ಹೀಗೆ ಅನ್ನಿಸಿದೆಯಾ? ನಮ್ಮ ಸಂಪ್ರದಾಯದಲ್ಲಿ ಇದಕ್ಕೆ ಎಲ್ಲಾದರೂ ಜಾಗ ಇದೆಯಾ?

ಗಾಂಧಿಬಜಾರ್ ಓದುಗ

ತಾಯಿ, ನಿಮ್ಮ ಪ್ರಾಮಾಣಿಕತೆ ಮೆಚ್ಚಿದೆ. ಆದರೆ ನಮ್ಮ ಮನೆಯಲ್ಲಿ ಕಲಿತದ್ದನ್ನು ಹೇಳದೆ ಇರಲಾರೆ. ನಾವು ಮಧ್ವ ಮತದವರು. ಜೀವ ಬೇರೆ, ದೇವರು ಬೇರೆ. ಅವನು ಒಡೆಯ, ನಾವು ಆಳು. ಈ ಗೆರೆ ಅಳಿಸಿದರೆ ಭಕ್ತಿಗೆ ಜಾಗವೇ ಇರುವುದಿಲ್ಲ ಎನ್ನುವುದು ನಮ್ಮ ಹಿರಿಯರ ಮಾತು.

ಭಾಗವತದ ಹತ್ತನೇ ಸ್ಕಂಧದಲ್ಲಿ ಪೌಂಡ್ರಕನ ಕಥೆ ಬರುತ್ತದೆ. ಅವನು ಕರೂಷದ ರಾಜ. ನಾನೇ ನಿಜವಾದ ವಾಸುದೇವ ಅಂತ ಕೃಷ್ಣನಿಗೇ ದೂತನನ್ನು ಕಳಿಸಿದ. ಶಂಖ, ಚಕ್ರ, ಕೌಸ್ತುಭ ಎಲ್ಲದರ ನಕಲು ಮಾಡಿಸಿಕೊಂಡು ಯುದ್ಧಕ್ಕೆ ಬಂದ. ಕೊನೆಗೆ ಕೃಷ್ಣನ ಕೈಯಲ್ಲೇ ಸತ್ತ. ಸುತ್ತ ಇದ್ದವರು ನೀನೇ ದೇವರು ಅಂತ ಹೊಗಳಿ ಹೊಗಳಿ ಅವನ ತಲೆ ಕೆಡಿಸಿದ್ದರು ಅಂತ ಭಾಗವತವೇ ಹೇಳುತ್ತದೆ. ನಿಮ್ಮನ್ನು ಹಾಗೆ ಹೊಗಳುವವರು ಇಲ್ಲ, ಅದು ಒಳ್ಳೆಯದು.

ನಮ್ಮಲ್ಲೂ ಅವತಾರದ ಮಾತು ಇದೆ, ಇಲ್ಲ ಅನ್ನುವುದಿಲ್ಲ. ಹನುಮ, ಭೀಮ, ಮಧ್ವ ಮೂವರೂ ವಾಯುದೇವರ ಅವತಾರ ಅಂತ ನಂಬುತ್ತೇವೆ. ಮಂತ್ರಾಲಯದ ರಾಯರನ್ನು ಪ್ರಹ್ಲಾದ ಅನ್ನುತ್ತೇವೆ. ಆದರೆ ಆ ಮಾತಿಗೆ ಪರಂಪರೆಯ ಒಪ್ಪಿಗೆ ಇದೆ, ಗ್ರಂಥಗಳ ಆಧಾರ ಇದೆ. ಒಬ್ಬಂಟಿಯಾಗಿ ಹೊತ್ತುಕೊಳ್ಳುವ ಮಾತು ಅದಲ್ಲ.

ಮದುವೆ ಬಗ್ಗೆ ನನ್ನ ಅಭಿಪ್ರಾಯ: ಹೇಳಬೇಡಿ. ಸಾಧನೆಯ ವಿಷಯ ಮನಸ್ಸಿನಲ್ಲೇ ಇರಲಿ.

ಗಗ್ಗರ (ಊರು ಕಾರ್ಕಳ ಕಡೆ, ಈಗ ಪೀಣ್ಯ)

ಅಕ್ಕಾ, ನಿಮ್ಮ ಪೋಸ್ಟ್ ಓದಿ ತುಂಬ ಹೊತ್ತು ಸುಮ್ನೆ ಕೂತಿದ್ದೆ. ನಮ್ಮ ತುಳುನಾಡಿನಲ್ಲಿ ಇದಕ್ಕೆ ಜಾಗ ಇದೆ.

ದೈವದ ಕೋಲ ಎಲ್ಲರಿಗೂ ಗೊತ್ತು. ಪಂಬದ, ನಲಿಕೆ, ಪರವ ಸಮುದಾಯದವರು ದೈವ ಕಟ್ಟುತ್ತಾರೆ. ಮೊದಲು ಎಣ್ಣೆಬೂಳ್ಯ (ಎಣ್ಣೆ, ವೀಳ್ಯ) ತೆಗೆದುಕೊಂಡು ಸ್ನಾನ ಮಾಡಬೇಕು. ಆಮೇಲೆ ಮುಖವರ್ಣಿಕೆ. ಪಕ್ಕದಲ್ಲಿ ದೈವ ಕಟ್ಟುವವನ ಮನೆಯ ಹೆಂಗಸು ತೆಂಬರೆ ಬಡಿಯುತ್ತಾ ಪಾಡ್ದನ ಹೇಳುತ್ತಾಳೆ. ದೈವ ಎಲ್ಲಿ ಹುಟ್ಟಿತು, ಎಲ್ಲೆಲ್ಲಿ ನಡೆಯಿತು ಅನ್ನುವ ಕಥೆ ಅದರಲ್ಲಿರುತ್ತದೆ. ಕಾಲಿಗೆ ಗಗ್ಗರ, ಅಂದರೆ ದೈವದ ಕಾಲ್ಕಡಗ, ಬಿದ್ದ ಮೇಲೆ ಅವನು ಆ ಮನುಷ್ಯ ಅಲ್ಲ. ಊರಿನ ಗುತ್ತಿನವರೂ (ದೊಡ್ಡ ಮನೆತನದವರು) ಎದ್ದು ನಿಂತು ನುಡಿ ಕೇಳುತ್ತಾರೆ. ಬೆಳಗ್ಗೆ ಗಗ್ಗರ ಬಿಚ್ಚಿದ ಮೇಲೆ ಅವನು ಮನೆಗೆ ಹೋಗಿ ಗಂಜಿ ಉಣ್ಣುತ್ತಾನೆ. ರಾತ್ರಿ ಕೈ ಮುಗಿದವರೇ ಹಗಲು ಅವನನ್ನು ಅಂಗಳದಾಚೆ ನಿಲ್ಲಿಸುತ್ತಿದ್ದ ಕಾಲವೂ ಇತ್ತು. ಆ ನೋವನ್ನು ಬಿಟ್ಟು ಕೋಲದ ಮಾತಾಡಬಾರದು.

ಆದರೆ ನಿಮಗೆ ಹತ್ತಿರದ್ದು ಕೋಲಕ್ಕಿಂತ ಸಿರಿಜಾತ್ರೆ. ಸಿರಿಯ ಕಥೆ ಗೊತ್ತಿರಬಹುದು. ಗಂಡ ಕಾಂತು ಪೂಂಜ, ಸೂಳೆ ಸಿದ್ದು ಮೊದಲು ಉಟ್ಟ ಸೀರೆಯನ್ನು ಬಸುರಿ ಹೆಂಡತಿಗೆ ತಂದುಕೊಟ್ಟ. ಅವಳು ಸಹಿಸಲಿಲ್ಲ. ಅವನಿಂದ ಬಿಡುಗಡೆ ಪಡೆದಳು, ಮಗು ಕುಮಾರನನ್ನು ಕಟ್ಟಿಕೊಂಡು ಹೊರಟಳು, ಮುಂದೆ ಮತ್ತೆ ಮದುವೆಯೂ ಆದಳು. ಅವಳ ಮಗಳು ಸೊನ್ನೆ. ಸೊನ್ನೆಯ ಅವಳಿ ಮಕ್ಕಳು ಅಬ್ಬಗ, ದಾರಗ. ಚೆನ್ನೆಮಣೆ ಆಡುವಾಗ ಜಗಳ ಹತ್ತಿ ಇಬ್ಬರೂ ಸತ್ತರು. ಈ ಕಥೆಯನ್ನು ಗೋಪಾಲ ನಾಯ್ಕರು ಹಾಡಿದ್ದನ್ನು 1990ರಲ್ಲಿ ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹೊಂಕೊ, ನಮ್ಮ ವಿವೇಕ ರೈ, ಚಿನ್ನಪ್ಪ ಗೌಡರು ದಾಖಲಿಸಿದರು. 15,683 ಸಾಲು.

ಜಾತ್ರೆ ಹುಣ್ಣಿಮೆ ರಾತ್ರಿ. ಮನೆಯಲ್ಲಿ ಏನೋ ಸಂಕಟ ಇರುವ ಹೆಂಗಸರು ಬರುತ್ತಾರೆ. ಕೆಲವರು ಮಾತೇ ಬಿಟ್ಟಿರುತ್ತಾರೆ, ಕೆಲವರು ಊಟ ಬಿಟ್ಟಿರುತ್ತಾರೆ. ಸಾಲಾಗಿ ನಿಂತು ಕೈಯಲ್ಲಿ ಹಿಂಗಾರ (ಅಡಿಕೆ ಹೂವು) ಹಿಡಿದಿರುತ್ತಾರೆ. ಮೈ ತುಂಬಿದ ಹೊತ್ತಿಗೆ ಕುಮಾರನನ್ನು ಮೈಮೇಲೆ ತಂದುಕೊಳ್ಳುವ ಪಾತ್ರಿ ಎದುರು ಬಂದು ಕೇಳುತ್ತಾನೆ, ನೀನು ಯಾರು ಅಂತ. ಹೊಸಬಳಾದರೆ ಉತ್ತರ ಬೇಗ ಬರುವುದಿಲ್ಲ. ಗಂಟಲಲ್ಲಿ ಸಿಕ್ಕಿಕೊಂಡಿರುತ್ತದೆ. ಅವನು ಹಾಡಿನಲ್ಲಿ ಕೇಳುತ್ತಾನೆ, ಬಿಡದೆ ಕೇಳುತ್ತಾನೆ. ಗಂಡನ ಮನೆಯವರು ಹಿಂದೆ ನಿಂತು ನೋಡುತ್ತಿರುತ್ತಾರೆ. ಕೊನೆಗೆ ಅವಳು ಹೇಳುತ್ತಾಳೆ. ನಾನು ಸಿರಿ. ಅಥವಾ ನಾನು ಸೊನ್ನೆ, ನಾನು ದಾರಗ. ಹೇಳಿದ ಮೇಲೆ ಅವಳು ಆ ಬಳಗಕ್ಕೆ ಸೇರಿದಳು. ವರ್ಷವರ್ಷ ಆ ದಿನ ಬರಬೇಕು. ಉಳಿದ ದಿನ ಬೀಡಿ ಕಟ್ಟುತ್ತಾಳೆ, ಮಕ್ಕಳನ್ನು ಶಾಲೆಗೆ ಕಳಿಸುತ್ತಾಳೆ, ಯಾರೂ ಅವಳಿಗೆ ಹುಚ್ಚು ಅನ್ನುವುದಿಲ್ಲ.

ನನ್ನ ದೊಡ್ಡಮ್ಮ ಹಾಗೆ ನಿಂತವರು. ಅವರು ಸೊನ್ನೆ. ಮನೆಯಲ್ಲಿ ಎಲ್ಲರಿಗೂ ಗೊತ್ತು. ಅವರ ಮೇಲೆ ಕೈ ಎತ್ತುತ್ತಿದ್ದ ದೊಡ್ಡಪ್ಪ ಆಮೇಲೆ ಯಾವತ್ತೂ ಎತ್ತಲಿಲ್ಲ.

ಅಕ್ಕಾ, ನಿಮಗೆ ಬೇಕಿರುವುದು ನೀನು ಯಾರು ಅಂತ ಮನಸ್ಸಿಟ್ಟು ಕೇಳುವ ಒಬ್ಬರು ಅಂತ ನನಗೆ ಅನ್ನಿಸುತ್ತದೆ.

ಪೇಟೆಬೀದಿ

ತಿಗಳರಪೇಟೆಯವನು ನಾನು. ಬೆಂಗಳೂರಿನ ಮಾತು ಬಂದ ಮೇಲೆ ಕರಗ ಹೇಳದಿದ್ದರೆ ಹೇಗೆ?

ಚೈತ್ರ ಹುಣ್ಣಿಮೆ ರಾತ್ರಿ ಧರ್ಮರಾಯಸ್ವಾಮಿ ಗುಡಿಯಿಂದ ಕರಗ ಹೊರಡುತ್ತದೆ. ಹೊರುವವರು ಗಂಡಸು. ಸೀರೆ ಉಡುತ್ತಾರೆ, ಬಳೆ ತೊಡುತ್ತಾರೆ, ಹೆಂಡತಿಯ ತಾಳಿ ಹಾಕಿಕೊಳ್ಳುತ್ತಾರೆ. ಆ ರಾತ್ರಿ ಅವರು ದ್ರೌಪದಮ್ಮ. ತಲೆ ಮೇಲಿನ ಮಲ್ಲಿಗೆ ಗೋಪುರವನ್ನು ಕೈಯಲ್ಲಿ ಹಿಡಿಯುವ ಹಾಗಿಲ್ಲ. ಸುತ್ತ ವೀರಕುಮಾರರು ಕತ್ತಿ ಹಿಡಿದು ಗೋವಿಂದಾ ಗೋವಿಂದಾ ಅನ್ನುತ್ತಾ ಓಡುತ್ತಾರೆ. ಕಾಟನ್‌ಪೇಟೆಯ ಮಸ್ತಾನ್ ಸಾಹೇಬರ ದರ್ಗಾಕ್ಕೂ ಹೋಗಿ ಬರುತ್ತದೆ.

ಅದಕ್ಕೆ ತಿಂಗಳುಗಟ್ಟಲೆ ವ್ರತ ಮಾಡಬೇಕು. ಊಟ, ಮಲಗುವುದು, ಗರಡಿ ಎಲ್ಲಕ್ಕೂ ಕಟ್ಟುಪಾಡು. ಹೊರುವವರ ಹೆಂಡತಿಗೂ ಕಷ್ಟ, ಮನೆಗೂ ಕಷ್ಟ. ದೇವರನ್ನು ಮೈಯಲ್ಲಿ ಇಟ್ಟುಕೊಳ್ಳುವವರು ಇಷ್ಟೆಲ್ಲ ತೆರುತ್ತಾರೆ. ನೀವು ಅದಕ್ಕೆ ಏನು ಮಾಡುತ್ತೀರಿ ಮೇಡಂ? ಕೋಪದಿಂದ ಕೇಳುತ್ತಿಲ್ಲ, ನಿಜವಾಗಿ ಕೇಳುತ್ತಿದ್ದೇನೆ.

ಕಾಗೆಬಾವುಟ

ಪೇಟೆಬೀದಿ ಅವರೇ, ಕೇಳಿದ್ದು ಸರಿ. ನನಗೆ ವ್ರತ ಹೇಳಿಕೊಟ್ಟವರಿಲ್ಲ. ನಾನೇ ಹುಡುಕಿಕೊಂಡ ಎರಡು ಕೆಲಸ ಇವೆ.

ದಿನಾ ಬೆಳಗ್ಗೆ ಅಡುಗೆಮನೆ ಸಜ್ಜದ ಮೇಲೆ ಒಂದು ತುತ್ತು ಮೊಸರನ್ನ ಇಡುತ್ತೇನೆ. ಕಾಗೆ ತಕ್ಷಣ ತಿನ್ನುವುದಿಲ್ಲ. ತಲೆ ಓರೆ ಮಾಡಿ ಒಂದೇ ಕಣ್ಣಲ್ಲಿ ನನ್ನನ್ನು ನೋಡುತ್ತದೆ. ಒಗ್ಗರಣೆಯ ಮೆಣಸಿನಕಾಯಿ ಚೂರನ್ನು ಕೊಕ್ಕಲ್ಲಿ ಎಳೆದು ಪಕ್ಕಕ್ಕೆ ಹಾಕುತ್ತದೆ. ಆಮೇಲೆ ಗಂಟಲು ಉಬ್ಬುವ ತನಕ ಅನ್ನ ತುಂಬಿಕೊಂಡು ಎದುರಿನ ನೀರಿನ ಟ್ಯಾಂಕ್ ಮೇಲೆ ಹೋಗಿ ಕೂರುತ್ತದೆ. ಅದು ಹೋಗುವವರೆಗೆ ನಾನು ಫೋನ್ ಮುಟ್ಟುವುದಿಲ್ಲ.

ಎರಡನೆಯದು ಶನಿವಾರದ ಅರಳಿಕಟ್ಟೆ. ಪದ್ಮಪುರಾಣದ ಕಾರ್ತಿಕ ಮಾಹಾತ್ಮ್ಯೆಯಲ್ಲಿ ಕಥೆ ಇದೆ. ಅಕ್ಕನ ಮದುವೆ ಆಗದೆ ನಾನು ಆಗುವುದಿಲ್ಲ ಅಂತ ಲಕ್ಷ್ಮಿ ಹಟ ಹಿಡಿದಳು. ವಿಷ್ಣು ಜ್ಯೇಷ್ಠೆಯನ್ನು ಉದ್ದಾಲಕ ಋಷಿಗೆ ಕೊಟ್ಟ. ಆಶ್ರಮದ ವೇದಘೋಷ, ಹೋಮದ ಹೊಗೆ ಇವಳಿಗೆ ಆಗಲಿಲ್ಲ. ಜಗಳ ಇರುವ ಮನೆ, ಹಸಿದವರು ಇರುವ ಮನೆ ನನ್ನದು ಅಂದಳು. ಋಷಿ ಅವಳನ್ನು ಅರಳಿಮರದ ಬುಡದಲ್ಲಿ ಕೂರಿಸಿ, ಈಗ ಬರ್ತೀನಿ ಅಂತ ಹೋದವನು ಬರಲೇ ಇಲ್ಲ. ಅವಳು ಅತ್ತಳು. ಅಳು ಕೇಳಿ ವಿಷ್ಣು ಲಕ್ಷ್ಮಿಯ ಜೊತೆ ಬಂದ. ನೀನು ಇಲ್ಲೇ ಇರು, ಶನಿವಾರ ತಂಗಿ ನಿನ್ನನ್ನು ನೋಡಲು ಬರ್ತಾಳೆ ಅಂದ. ಅದಕ್ಕೇ ಅರಳಿಮರವನ್ನು ಶನಿವಾರ ಮಾತ್ರ ಮುಟ್ಟಬೇಕು ಅನ್ನುತ್ತಾರೆ.

ಮದುವೆಯ ಒತ್ತಡ ನನ್ನ ತಲೆಗೆ ಈ ಕಥೆ ತುಂಬಿತು ಅಂತ ನೀವು ಅಂದುಕೊಳ್ಳಬಹುದು. ಅದನ್ನು ನಾನೂ ಯೋಚಿಸಿದ್ದೇನೆ. ಆದರೆ ಪೊರಕೆ ನನ್ನದು ಅನ್ನಿಸಿದಾಗ ನನಗೆ ಮದುವೆಯ ವಯಸ್ಸಾಗಿರಲಿಲ್ಲ.

ಇನ್ನೊಂದು ವಿಷಯ ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ. ಶುಕ್ರವಾರ ಅಪ್ಪ ಶ್ರೀಸೂಕ್ತ ಹೇಳುತ್ತಾರೆ. ಅವರ ದನಿ ನನಗೆ ತುಂಬ ಇಷ್ಟ. ಅದರಲ್ಲಿ ಒಂದು ಸಾಲು ಬರುತ್ತದೆ. ಹಸಿವು ಬಾಯಾರಿಕೆಗಳಿಂದ ಕೊಳೆಯಾದ ಜ್ಯೇಷ್ಠೆಯನ್ನು, ಅಲಕ್ಷ್ಮಿಯನ್ನು ನಾಶ ಮಾಡುತ್ತೇನೆ ಅಂತ. ಅಪ್ಪನ ಬಾಯಿಂದ ವಾರವಾರ ಅದು ಕೇಳಿಸುತ್ತದೆ. ಹಸಿದವಳನ್ನು ಊಟಕ್ಕೆ ಕರೆಯುವುದು ಬಿಟ್ಟು ನಾಶ ಮಾಡುವುದು ಯಾಕೆ? ಆ ಸಾಲು ಬರುವ ಹೊತ್ತಿಗೆ ನಾನು ಎದ್ದು ಹಿತ್ತಲಿಗೆ ಹೋಗುತ್ತೇನೆ.

ರಾತ್ರಿಪಾಳಿ

ಮನೋರೋಗ ವಾರ್ಡಿನಲ್ಲಿ ನರ್ಸ್ ಆಗಿದ್ದೇನೆ. ನಿಮ್ಮನ್ನು ರೋಗಿ ಅನ್ನಲು ಬಂದಿಲ್ಲ. ಕೆಲವು ಪ್ರಶ್ನೆ ಕೇಳುತ್ತೇನೆ. ಇಲ್ಲಿ ಉತ್ತರಿಸಬೇಕಿಲ್ಲ, ನೀವೇ ಯೋಚಿಸಿ.

ರಾತ್ರಿ ನಿದ್ದೆ ಬರುತ್ತದಾ? ಇತ್ತೀಚೆಗೆ ನಿದ್ದೆ ಕಡಿಮೆಯಾಗಿಯೂ ಮೈಯಲ್ಲಿ ವಿಪರೀತ ಹುರುಪು ಇದೆಯಾ? ಯಾರೂ ಇಲ್ಲದಾಗ ದನಿ ಕೇಳಿಸಿ, ಹೀಗೆ ಮಾಡು ಅಂತ ಅಪ್ಪಣೆ ಕೊಡುತ್ತದಾ? ಊಟ ಬಿಡು, ಹಣ ಕೊಟ್ಟುಬಿಡು, ಮಹಡಿಯಿಂದ ಜಿಗಿ ಅಂತ ಹೇಳುತ್ತದಾ? ಯಾರಾದರೂ ಒಪ್ಪದಿದ್ದರೆ ಅವರು ಶತ್ರು ಅನ್ನಿಸುತ್ತದಾ? ಈ ಭಾವನೆ ದಿಢೀರ್ ಅಂತ ಕೆಲವೇ ದಿನದಲ್ಲಿ ಬಂದದ್ದಾ? ಇದರಲ್ಲಿ ಯಾವುದಕ್ಕಾದರೂ ಹೌದು ಅಂದರೆ ತಡ ಮಾಡಬೇಡಿ. ನಿಮ್ಹಾನ್ಸ್ ಇದೇ ಊರಲ್ಲಿದೆ. 14416ಕ್ಕೆ ಫೋನ್ ಮಾಡಿದರೆ ಟೆಲಿಮಾನಸ್ ಸಹಾಯವಾಣಿಯವರು ಹಗಲು ರಾತ್ರಿ ಯಾವಾಗಲೂ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡುತ್ತಾರೆ.

ಇಲ್ಲ ಅಂದರೆ ಸಮಾಧಾನವಾಗಿರಿ. ದೇವರ ಜೊತೆ ಇಂಥ ನಂಟು ಇದ್ದಮಾತ್ರಕ್ಕೆ ಯಾರೂ ಕಾಯಿಲೆ ಅನ್ನುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲೂ ದೇವರು ಮೈದುಂಬುವುದನ್ನು ಅದು ಆ ಜನರ ಆಚರಣೆಯ ಭಾಗವಾಗಿದ್ದರೆ ಕಾಯಿಲೆಗೆ ಸೇರಿಸುವುದಿಲ್ಲ. ತನ್ನ ಇಷ್ಟವಿಲ್ಲದೆ ಆದಾಗ, ಬದುಕು ಕೆಟ್ಟಾಗ ಮಾತ್ರ ಅದು ವೈದ್ಯರ ವಿಷಯ. ದೇವಸ್ಥಾನ ಕೆಟ್ಟದ್ದು, ಆಸ್ಪತ್ರೆ ಒಳ್ಳೆಯದು ಅನ್ನುವ ಸರಳ ಲೆಕ್ಕವೂ ಇಲ್ಲಿಲ್ಲ. ನಿಮ್ಹಾನ್ಸ್‌ನ ವೈದ್ಯರೇ ತಮಿಳುನಾಡಿನ ಒಂದು ಗುಡಿಗೆ ಹೋಗಿ, ಅಲ್ಲಿ ಉಳಿದುಕೊಂಡ ಮನೋರೋಗಿಗಳನ್ನು ಪರೀಕ್ಷಿಸಿದ್ದರು. ಔಷಧಿ ಇಲ್ಲದೆಯೂ ರೋಗಲಕ್ಷಣ ಸುಮಾರು 20% ಕಡಿಮೆಯಾಗಿತ್ತು. 2002ರಲ್ಲಿ ಆ ವರದಿ ಬಂತು.

ಒಂದು ಹಳೆಯ ಘಟನೆ ನನ್ನನ್ನು ಯಾವಾಗಲೂ ಕಾಡುತ್ತದೆ. 1959ರಲ್ಲಿ ಅಮೆರಿಕದ ಮಿಶಿಗನ್‌ನ ಇಪ್ಸಿಲಾಂಟಿ ಆಸ್ಪತ್ರೆಯಲ್ಲಿ ನಾನೇ ಕ್ರಿಸ್ತ ಅನ್ನುತ್ತಿದ್ದ ಮೂವರಿದ್ದರು. ಮಿಲ್ಟನ್ ರೋಕೀಚ್ ಅನ್ನುವ ಮನಶ್ಶಾಸ್ತ್ರಜ್ಞರು ಮೂವರನ್ನೂ ಒಂದೇ ಕಡೆ ಇರಿಸಿದರು. ಎದುರಾಎದುರು ಕೂರಿಸಿದರೆ ನಂಬಿಕೆ ಒಡೆಯುತ್ತದೆ ಅಂತ ಅವರ ಎಣಿಕೆ. ಸುಳ್ಳು ಪತ್ರ ಬರೆದು ನಂಬಿಸಿದ್ದೂ ಉಂಟು. ಎರಡು ವರ್ಷ ನಡೆಯಿತು. ಮೂವರಿಗೂ ವಾಸಿಯಾಗಲಿಲ್ಲ. ಬೇರೆಯವರ ಬದುಕಿನಲ್ಲಿ ಹಾಗೆ ಕೈಯಾಡಿಸುವ ಹಕ್ಕು ನನಗೆ ಇರಲಿಲ್ಲ ಅಂತ ರೋಕೀಚ್ ಆಮೇಲೆ ಬರೆದರು. ವಾದ ಮಾಡಿ ಯಾರನ್ನೂ ಅವರ ದೇವರಿಂದ ಕೆಳಗಿಳಿಸಲು ಆಗುವುದಿಲ್ಲ. ಇಲ್ಲಿ ವಾದಕ್ಕೆ ಬರುವವರು ಇದನ್ನು ನೆನಪಿಟ್ಟುಕೊಂಡರೆ ಸಾಕು.

ಶುಕ್ರವಾರದ ಸಾಲು

ನಾನು ಬೇರೆ ಕಡೆಯಿಂದ ಮಾತಾಡುತ್ತೇನೆ. ನನ್ನ ಚಿಕ್ಕಮ್ಮ ಒಂದು ದಿನ ನಾನು ಅಮ್ಮನವರು ಅಂದರು. ಮೊದಮೊದಲು ಮನೆಯವರಷ್ಟೇ ಕೇಳಿದೆವು. ಆಮೇಲೆ ಬೀದಿಯವರು ಬಂದರು. ಶುಕ್ರವಾರ ಗೇಟಿನ ತನಕ ಸಾಲು. ಚಿಕ್ಕಪ್ಪ ಕೆಲಸ ಬಿಟ್ಟು ಚೀಟಿ ಕೊಡುವುದಕ್ಕೆ ಕೂತರು. ಹಣ ಬಂತು. ಚಿಕ್ಕಮ್ಮನಿಗೆ ನಿದ್ದೆಯೇ ಇರಲಿಲ್ಲ, ಕಣ್ಣು ಕೆಂಪಗೆ, ರಾತ್ರಿಯೆಲ್ಲ ಮಾತು. ಅದನ್ನೂ ಮಹಿಮೆ ಅಂದರು. ಡಾಕ್ಟರ ಹತ್ತಿರ ಹೋಗೋಣ ಅಂದರೆ ಅಮ್ಮನವರಿಗೆ ಅವಮಾನ ಅಂತ ನಮ್ಮ ಮೇಲೇ ತಿರುಗಿಬಿದ್ದರು. ಅವರು ಬಿಡಬೇಕು ಅಂದರೂ ಸುತ್ತ ಇದ್ದವರು ಬಿಡಲಿಲ್ಲ. ಕೊನೆಗೆ ಅವರ ಮಗಳೇ ಧೈರ್ಯ ಮಾಡಿ ಆಸ್ಪತ್ರೆಗೆ ಸೇರಿಸಿದಳು. ಈಗ ಮಾತ್ರೆ ತಗೋತಾರೆ, ಚೆನ್ನಾಗಿದ್ದಾರೆ, ದಿನಾ ಪೂಜೆಯನ್ನೂ ಮಾಡುತ್ತಾರೆ.

ಅದಕ್ಕೇ ಹೇಳುತ್ತೇನೆ. ನಾನು ದೇವತೆ ಅಂದವರಿಗಿಂತ, ಹೌದು ಹೌದು ಅಂತ ಪಕ್ಕದಲ್ಲಿ ತಟ್ಟೆ ಇಟ್ಟುಕೊಂಡು ಕೂರುವವರ ಬಗ್ಗೆ ನನಗೆ ಜಾಸ್ತಿ ಭಯ. ನಿಮ್ಮ ಪಕ್ಕದಲ್ಲಿ ಸದ್ಯಕ್ಕೆ ಕಾಗೆ ಮಾತ್ರ ಇದೆ. ಹಾಗೇ ಇರಲಿ ಅಕ್ಕಾ.

ಹೆಬ್ಬಾಳ ಸೇತುವೆ

ಹೊರದೇಶದಲ್ಲಿ ನಿಮ್ಮಂಥವರದ್ದೇ ಬಳಗ ಇದೆ. ನನ್ನ ದೇಹ ಮನುಷ್ಯರದ್ದು, ಒಳಗಿನ ನಾನು ಬೇರೆ ಅನ್ನುವವರು ತಮ್ಮನ್ನು ಅದರ್‌ಕಿನ್ ಅಂತ ಕರೆದುಕೊಳ್ಳುತ್ತಾರೆ. ಆ ಹೆಸರು ಹುಟ್ಟಿದ್ದು 1990ರ ಸುಮಾರಿಗೆ. ಮೊದಲು ಎಲ್ಫ್ ಅಂದುಕೊಂಡವರು, ಆಮೇಲೆ ತೋಳ, ಡ್ರ್ಯಾಗನ್ ಅಂದುಕೊಂಡವರು ಸೇರಿದರು. ಅವರಲ್ಲೇ ದೇವರು ಅಂದುಕೊಂಡವರಿಗೆ ಗಾಡ್‌ಕಿನ್ ಅನ್ನುತ್ತಾರೆ. ನಾನು ಕೆಲಸಕ್ಕೆ ಹೊರಗಿದ್ದಾಗ ಅಂಥ ಇಬ್ಬರು ಸ್ನೇಹಿತರಾಗಿದ್ದರು. ಇಬ್ಬರೂ ಪೂಜೆ ಕೇಳುವವರಲ್ಲ. ಬಿಲ್ ಕಟ್ಟುತ್ತಿದ್ದರು, ಬೆನ್ನುನೋವು ಅನ್ನುತ್ತಿದ್ದರು. ಅವರಿಗೆ ಇದ್ದ ದೊಡ್ಡ ಕಷ್ಟ ಒಂಟಿತನ. ಅವರ ಊರಲ್ಲಿ ಸಿರಿಜಾತ್ರೆ ಇರಲಿಲ್ಲ, ಕರಗ ಇರಲಿಲ್ಲ.

ದೇವರ ಪಟ್ಟ ಇಳಿಯುವ ಕಥೆಗಳನ್ನೂ ಓದಿ. ಜಪಾನಿನ ಚಕ್ರವರ್ತಿ 1946ರ ಜನವರಿ 1ರಂದು ತಾನು ಬದುಕಿರುವ ದೇವರು ಎನ್ನುವ ಕಲ್ಪನೆ ಸುಳ್ಳು ಅಂತ ಸಾರಿದ. ನೇಪಾಳದ ಕುಮಾರಿ, ಅಂದರೆ ದೇವಿ ಅಂತ ಪೂಜೆ ಪಡೆಯುವ ಪುಟ್ಟ ಹುಡುಗಿ, ಮೈನೆರೆಯುವ ತನಕ ತಲೇಜು ದೇವಿ. ಆಮೇಲೆ ಸಾಮಾನ್ಯ ಹುಡುಗಿ. ಅಲ್ಲಿಯ ಸುಪ್ರೀಂ ಕೋರ್ಟ್ 2008ರಲ್ಲಿ ಕುಮಾರಿಗೂ ಓದುವ ಹಕ್ಕಿದೆ ಅಂದಿತು. ದೇವಿಯಾಗಿದ್ದಾಗಲೂ ಅವಳು ಒಂದು ಮಗು ಅನ್ನುವುದು ಆ ತೀರ್ಪಿನ ತಿರುಳು. ನನಗೆ ಅದು ತುಂಬ ಮುಖ್ಯ ಅನ್ನಿಸುತ್ತದೆ.

ಸಂಸ್ಕೃತ ಟೀಚರ್ (ಮಲ್ಲೇಶ್ವರ)

ಗಾಂಧಿಬಜಾರಿನ ಸಾರ್‌ಗೆ ಒಂದು ಮಾತು. ಒಬ್ಬಂಟಿಯಾಗಿ ಹೊತ್ತುಕೊಳ್ಳುವ ಮಾತಲ್ಲ ಅಂದಿರಿ. ಋಗ್ವೇದದ ಹತ್ತನೇ ಮಂಡಲದ 125ನೇ ಸೂಕ್ತ ನೋಡಿ. ಎಂಟೇ ಮಂತ್ರ. ಅಂಭೃಣ ಋಷಿಯ ಮಗಳು ವಾಕ್ ಹೇಳಿದ್ದು. ರುದ್ರರ ಜೊತೆ ವಸುಗಳ ಜೊತೆ ತಿರುಗುವವಳು ನಾನು, ರುದ್ರನ ಬಿಲ್ಲು ಬಗ್ಗಿಸುವವಳು ನಾನು, ಜನ ತಿಳಿಯದೆಯೇ ನನ್ನ ಆಸರೆಯಲ್ಲಿದ್ದಾರೆ ಅನ್ನುತ್ತಾಳೆ. ಒಬ್ಬ ಹೆಣ್ಣುಮಗಳು ನಾನೇ ದೇವಿ ಅಂದಳು. ಅದನ್ನು ನವರಾತ್ರಿಯಲ್ಲಿ ಇವತ್ತಿಗೂ ಪಾರಾಯಣ ಮಾಡುತ್ತೇವೆ.

ಗಾಂಧಿಬಜಾರ್ ಓದುಗ

ನಮ್ಮಲ್ಲಿ ಅದು ಅಂಭೃಣೀಸೂಕ್ತ. ಅಂಭೃಣಿ ಅಂದರೆ ಸಾಕ್ಷಾತ್ ಲಕ್ಷ್ಮಿಯೇ. ಮನುಷ್ಯಳು ದೇವಿ ಅಂದದ್ದಲ್ಲ, ದೇವಿಯೇ ಮಾತಾಡಿದ್ದು. ಇದರಲ್ಲಿ ನಾನು ಬದಲಾಗುವುದಿಲ್ಲ ಟೀಚರ್.

ಆದರೆ ಶ್ರೀಸೂಕ್ತದ ಆ ಸಾಲಿನ ಬಗ್ಗೆ ಆ ಹುಡುಗಿ ಬರೆದದ್ದು ಓದಿದ ಮೇಲೆ ಈ ಶುಕ್ರವಾರ ನನಗೆ ಅದನ್ನು ಸಲೀಸಾಗಿ ಹೇಳಲು ಆಗಲಿಲ್ಲ. ಅರ್ಥ ಮನಸ್ಸಿಗೆ ಬಂತು. ಹಸಿವು ಹೋಗಲಿ ಅಂತ ಕೇಳಿಕೊಂಡೆ.

ಮನೆಗೆ ಎರಡನೆಯವಳು

ನಾನು ತಂಗಿಯ ಕಡೆಯವಳು. ಅಕ್ಕನ ಮದುವೆ ಆಗಲಿ ಅಂತ ಮೂರು ವರ್ಷ ಕಾದವಳು. ಕಾಯುವವರಿಗೂ ಕೋಪ ಇರುತ್ತದೆ, ಕಾಯಿಸುತ್ತಿದ್ದೀನಲ್ಲ ಅಂತ ಅಕ್ಕನಿಗೂ ಸಂಕಟ ಇರುತ್ತದೆ. ನಾವಿಬ್ಬರೂ ಅದನ್ನು ಬಾಯಿಬಿಟ್ಟು ಆಡಲಿಲ್ಲ. ಅವಳ ಮದುವೆ ಅವಸರದಲ್ಲಿ ಆಯಿತು, ಚೆನ್ನಾಗಿ ಆಗಲಿಲ್ಲ. ನೀವು ಹುಡುಗನಿಗೆ ಹೇಳುವ ಮೊದಲು ನಿಮ್ಮ ತಂಗಿಗೆ ಹೇಳಿ. ಆ ಕಥೆಯಲ್ಲೂ ಅಕ್ಕನನ್ನು ನೋಡಲು ಬರುವವಳು ಅವಳೊಬ್ಬಳೇ ಅಲ್ವಾ.

ಕಾಗೆಬಾವುಟ

ಎಲ್ಲರಿಗೂ ಉತ್ತರ ಕೊಡಲು ತಡವಾಯಿತು. ಮೂವರ ಹತ್ತಿರ ಮಾತಾಡಿ ಬಂದಿದ್ದೇನೆ.

ರಾತ್ರಿಪಾಳಿ ಅವರೇ, ನಿಮ್ಮ ಪ್ರಶ್ನೆಗಳನ್ನು ಬರೆದುಕೊಂಡು ಒಬ್ಬ ಮನೋವೈದ್ಯೆಯನ್ನು ಕಂಡೆ. ತುಂಬ ಹೊತ್ತು ಕೇಳಿದರು. ನಿದ್ದೆ, ಕೆಲಸ, ಮನೆ ಎಲ್ಲ ಕೇಳಿದರು. ಈಗ ಮಾತ್ರೆಯ ಅಗತ್ಯ ಕಾಣುತ್ತಿಲ್ಲ, ನಿದ್ದೆ ಕೆಟ್ಟರೆ ಕೂಡಲೇ ಬನ್ನಿ ಅಂದರು. ನಂಬಿಕೆ ಬಿಡಿ ಅಂತ ಹೇಳಲಿಲ್ಲ. ಮದುವೆ ನಿಮಗೆ ಬೇಕಾ ಅಂತ ಕೇಳಿದರು. ಇಷ್ಟು ದಿನ ಆ ಪ್ರಶ್ನೆಯನ್ನು ಯಾರೂ ನನಗೆ ಕೇಳಿರಲಿಲ್ಲ.

ತಂಗಿಗೆ ಹೇಳಿದೆ. ಶನಿವಾರ ಅರಳಿಕಟ್ಟೆಯ ಹತ್ತಿರವೇ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ಹಾಗಾದರೆ ನನ್ನ ಮೇಲೆ ಹೊಟ್ಟೆಕಿಚ್ಚು ಇದೆಯಾ ನಿನಗೆ ಅಂತ ಕೇಳಿದಳು. ಇದೆ ಅಂದೆ. ಕಾಯೋದು ಸಾಕಾಗಿದೆ ಅಂತ ಅವಳೂ ಹೇಳಿದಳು. ಇಬ್ಬರೂ ಅತ್ತೆವು. ಮನೆಗೆ ಬಂದು ಅಪ್ಪ ಅಮ್ಮನಿಗೆ ಇಬ್ಬರೂ ಸೇರಿ ಹೇಳಿದ್ದು ಒಂದೇ ವಿಷಯ, ಅವಳ ಮದುವೆ ಮೊದಲು ಆಗಲಿ. ಜನ ಏನಂತಾರೆ ಅಂತ ಅಮ್ಮ ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ಈಗ ಛತ್ರ ಹುಡುಕುತ್ತಿದ್ದಾರೆ.

ಹುಡುಗನಿಗೂ ಹೇಳಿದೆ. ಗಾಂಧಿಬಜಾರ್ ಸಾರ್, ನಿಮ್ಮ ಸಲಹೆ ಮೀರಿದೆ, ಆದರೆ ಮುಚ್ಚಿಟ್ಟು ಒಬ್ಬರ ಜೊತೆ ಬದುಕಲು ನನಗೆ ಆಗುವುದಿಲ್ಲ. ಅವನು ನಗಲಿಲ್ಲ. ನಿಮಗೆ ಯಾವ ದಿನ ಏನು ಮಾಡಬೇಕು, ಏನು ಮಾಡಬಾರದು ಅಂತ ಇದೆಯಾ ಅಂತ ಕೇಳಿದ. ಕಾಗೆಗೆ ಅನ್ನ, ಶನಿವಾರ ಅರಳಿಕಟ್ಟೆ, ಅಷ್ಟೇ ಅಂದೆ. ಯೋಚಿಸಲು ಸಮಯ ಬೇಕು ಅಂದ. ಇನ್ನೂ ಫೋನ್ ಬಂದಿಲ್ಲ. ಬರದೆ ಇದ್ದರೂ ಅವನ ಮೇಲೆ ನನಗೆ ಬೇಸರವಿಲ್ಲ.

ಅಪ್ಪನಿಗೆ ಇನ್ನೂ ಹೇಳಿಲ್ಲ. ಶ್ರೀಸೂಕ್ತದ ವಿಷಯ ಅವರ ಹತ್ತಿರ ಹೇಗೆ ಎತ್ತುವುದು ಗೊತ್ತಾಗುತ್ತಿಲ್ಲ.

ಈಗಲೂ ನಾನು ಜ್ಯೇಷ್ಠೆಯೇ. ಇಲ್ಲಿಗೆ ಬಂದದ್ದು ಆ ಮಾತನ್ನು ಬಿಡುವುದಕ್ಕಲ್ಲ. ಆದರೆ ಗಗ್ಗರ ತಮ್ಮ ಹೇಳಿದ್ದು ಮನಸ್ಸಿನಲ್ಲಿ ಉಳಿದಿದೆ. ದೇವಿಯಾಗಿ ನಿಲ್ಲುವುದಕ್ಕೆ ಒಂದು ರಾತ್ರಿ, ಉಳಿದ ದಿನಕ್ಕೆ ಬೀಡಿ, ಮಕ್ಕಳು, ಶಾಲೆ. ಆ ಹೆಂಗಸರನ್ನು ನೋಡಬೇಕು ಅನ್ನಿಸುತ್ತಿದೆ. ಹೊರಗಿನವರು ಬರಬಹುದಾ?

ಗಗ್ಗರ

ಬರಬಹುದು ಅಕ್ಕಾ. ಸಿರಿಜಾತ್ರೆ ನಡೆಯುವ ಕವತ್ತಾರು ಮೂಲ್ಕಿಗೆ ಹತ್ತಿರ. ಬೆಂಗಳೂರಿನಿಂದ ರಾತ್ರಿ ಬಸ್ಸು ಹತ್ತಿದರೆ ಬೆಳಗ್ಗೆ ಮಂಗಳೂರು, ಅಲ್ಲಿಂದ ಮೂಲ್ಕಿಗೆ ಬಸ್ಸು ಬೇಕಾದಷ್ಟು ಇದೆ. ಹುಣ್ಣಿಮೆ ಯಾವತ್ತು ಅಂತ ಜಾತ್ರೆಯ ಸಮಯಕ್ಕೆ ಇಲ್ಲೇ ಹಾಕುತ್ತೇನೆ. ಫೋಟೋ, ವಿಡಿಯೋ ಬೇಡ, ಅಲ್ಲಿ ನಿಂತಿರುವವರು ಮನೆಯ ಸಂಕಟ ಹೊತ್ತು ಬಂದಿರುತ್ತಾರೆ. ರಾತ್ರಿಯೆಲ್ಲ ನಡೆಯುತ್ತದೆ, ನೆಲದ ಮೇಲೆ ಕೂರಬೇಕು, ಒಂದು ಶಾಲು ಇಟ್ಟುಕೊಳ್ಳಿ. ತಂಗಿಯನ್ನೂ ಕರೆದುಕೊಂಡು ಬನ್ನಿ. ದೊಡ್ಡಮ್ಮನಿಗೆ ನೀವು ಬರುವ ವಿಷಯ ಹೇಳಿದ್ದೇನೆ. ಊಟಕ್ಕೆ ಮನೆಗೇ ಬರಬೇಕಂತೆ.